ದೌಲಪ್ಪನ ಚೀನಿ ಬಜಾರು

ಕಮಲಾಪುರದ ದೌಲಪ್ಪನನ್ನು ಸುಳ್ಳುಗಾರ ಎಂದರೆ ತಪ್ಪಾದೀತು. ಇದ್ದದ್ದನ್ನು ಇದ್ದ ಅಳತೆಯಲ್ಲೇ ಹೇಳಲು ಅವನಿಗೆ ಬರುತ್ತಿರಲಿಲ್ಲ, ಅಷ್ಟೇ. ಹೊಲದಲ್ಲಿ ಅವನು ಕಂಡ ಗೇಣುದ್ದದ ಹಾವು ಊರ ಅಗಸಿಬಾಗಿಲಿಗೆ ಬರುವಷ್ಟರಲ್ಲಿ ಮಾರುದ್ದ ಆಗಿರುತ್ತಿತ್ತು; ಚಹಾದ ಅಂಗಡಿ ಮುಟ್ಟುವಷ್ಟರಲ್ಲಿ ಅದಕ್ಕೆ ಮೀಸೆ ಬಂದಿರುತ್ತಿತ್ತು. ಅವನ ತೋಟದ ಕೆಂಪು ಬಾಳೆಯ ಒಂದೇ ಒಂದು ಗೊನೆಯನ್ನು ಟಂಟಂ ಗಾಡಿಯ ಹಿಂದೆ ಹೇರಿದ್ದಕ್ಕೆ ಮುಂದಿನ ಗಾಲಿ ಮೇಲೆದ್ದು, ಡ್ರೈವರ್ ಕಲಬುರಗಿ ಮುಟ್ಟುವ ತನಕ ರಸ್ತೆ ಕಾಣದೆ ಆಕಾಶವನ್ನೇ ನೋಡುತ್ತ ಹೋದನಂತೆ. ಹಾಗಾದರೆ ದಾರಿ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ, "ಹದ್ದು ಹಾರೋ ದಿಕ್ಕ ನೋಡ್ಕೋತ ಹೋದ್ನಪಾ, ಗಂಜಿನ ಮ್ಯಾಲ ಹದ್ದು ಭಾಳ ಇರ್ತಾವ" ಎನ್ನುತ್ತಿದ್ದ. ಅವನ ಹೆಂಡತಿ ನೀಲಗಂಗಮ್ಮ ನಲವತ್ತು ವರ್ಷದ ಸಂಸಾರದಲ್ಲಿ ಒಂದು ಪಾಠ ಕಲಿತಿದ್ದಳು. "ಇವ್ರು ಮಳಿ ಬರಾಕತ್ತದ ಅಂದ್ರ ನಾ ಮೊದ್ಲು ಅಂಗಳಕ್ಕ ಕೈ ಚಾಚಿ ನೋಡ್ತೀನ್ರಿ."

ಅವನು ಹೇಳಿದ್ದನ್ನೆಲ್ಲ ಕೈ ಚಾಚಿ ನೋಡದೆ ನಂಬಿದವಳು ಒಬ್ಬಳೇ. ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜಿನ ಹಿಂದಿನ ಗಲ್ಲಿಯ ಮಸ್ತಾನಬಿ.

ಆ ಮಸ್ತಾನಬಿ ನವೆಂಬರಿನ ಒಂದು ಮಧ್ಯಾಹ್ನ ಮಗ ಅಜರ್‌ನನ್ನು ಕರೆದುಕೊಂಡು ಹುಮನಾಬಾದ್ ಬಸ್ಸಿನಲ್ಲಿ ಕಮಲಾಪುರಕ್ಕೆ ಬಂದಿಳಿದಳು. ದೌಲಪ್ಪ ಅಂಗಳದಲ್ಲಿ ಕೂತು ಬಾಳೆಗೊನೆಗೆ ಒಣಹುಲ್ಲು ಸುತ್ತುತ್ತಿದ್ದ. ಅವಳ ಗಂಡ ಲಾಲ್ ಅಹ್ಮದ್ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಲಾಲ್ ಅಹ್ಮದ್ ಲಾರಿ ಡ್ರೈವರ್. ದೌಲಪ್ಪ ಅವನ ಕೈಕೆಳಗೆ ಕ್ಲೀನರ್ ಆಗಿ ಸೇರಿ, ಆಮೇಲೆ ಜೋಡಿ ಡ್ರೈವರ್ ಆಗಿ, ಇಪ್ಪತ್ತೇಳು ವರ್ಷ ಒಂದೇ ಕ್ಯಾಬಿನ್ನಿನಲ್ಲಿ ದೇಶ ಸುತ್ತಿದವನು. ಅವನಿಗೆ ಲಾಲ್ ಅಹ್ಮದ್ ಕೊನೆಯವರೆಗೂ ಉಸ್ತಾದ್, ಅವಳು ಭಾಭಿ.

ನೀರು ಕುಡಿದು ಕೂತವಳೇ ಮಸ್ತಾನಬಿ ಸುತ್ತುಬಳಸು ಇಲ್ಲದೆ ಹೇಳಿದಳು. "ದೌಲಣ್ಣ, ಕಲಕತ್ತಾಕ ಹೋಗೂಣು."

"ಯಾರು ಭಾಭಿ?"

"ನಾನು, ನೀವು, ಅಜರ್. ರಜಬ್ ತಿಂಗಳದಾಗ ಅವರ ಬರಸಿ ಅದ, ವರ್ಷದ ಫಾತೇಹಾ. ಚಾಲೀಸ್ವಾಂ, ನಲವತ್ತನೇ ದಿನ ನಾ ಇದ್ದತ್ತಿನಾಗ ಕುಂತಿದ್ದೆ, ಹೊಸ್ತಿಲ ದಾಟಂಗಿರಲಿಲ್ಲ. ಈ ಹುಡುಗ ಜಗತ್ ಸರ್ಕಲ್ದಾಗಿಂದ ಗೋಬಿ ಮಂಚೂರಿ ತಂದು ಫಾತೇಹಾಕ್ಕ ಇಟ್ಟ."

"ಚೈನೀಸ್ ಅಂದ್ರ ಅದೇ ಅಲ್ಲೇನಮ್ಮಾ" ಎಂದ ನಲವತ್ತು ದಾಟಿದ 'ಹುಡುಗ' ಅಜರ್, ತಲೆ ತಗ್ಗಿಸಿ.

"ನಿಮ್ಮಬ್ಬಾ ಅದನ್ನ ನೋಡಿ ಅಲ್ಲೇ ಮಗ್ಗಲ ಬದಲಿಸಿರಬೇಕು."

ಸತ್ತವರ ಹೆಸರಿನಲ್ಲಿ ಫಾತೇಹಾ ಕೊಡುವ ದಿನ ಅವರಿಗೆ ಇಷ್ಟವಾದ ಅಡುಗೆಯನ್ನು ಮಾಡಿ ಮುಂದಿಟ್ಟು, ಓದಿಸಿ, ನಾಲ್ಕು ಜನರಿಗೆ ಹಂಚುವುದು ಆ ಗಲ್ಲಿಯ ಪದ್ಧತಿ. ಒಬ್ಬರಿಗೆ ತಹಾರಿ, ಒಬ್ಬರಿಗೆ ಮಾವಿನಹಣ್ಣು. ಬೀಡಿ ಪ್ರಿಯರೊಬ್ಬರ ತಟ್ಟೆಯ ಪಕ್ಕ ಮೊಮ್ಮಕ್ಕಳು ಬೀಡಿ ಕಟ್ಟನ್ನೂ ಇಟ್ಟಿದ್ದರಂತೆ, ಓದಲು ಬಂದ ಮುಲ್ಲಾ ಅದನ್ನು ಕಂಡೂ ಕಾಣದಂತೆ ಓದಿ ಹೋದರಂತೆ. ಲಾಲ್ ಅಹ್ಮದನಿಗೆ ಏನು ಇಷ್ಟ ಎಂಬುದು ಗಲ್ಲಿಯ ಕೂಸಿಗೂ ಗೊತ್ತಿತ್ತು. ಕಲಕತ್ತೆಯ ಚೀನಿ ಬಜಾರಿನಲ್ಲಿ ಬೆಳಗಿನ ಜಾವ ಹಬೆಯಲ್ಲಿ ಬೇಯಿಸಿ ಮಾರುವ, ಹತ್ತಿಯಂಥ ಬಿಳಿ ಪಾವು. ಮನೆಯಲ್ಲಿ ಅದಕ್ಕೆ ಚೀನಿ ಪಾವ್ ಎಂದೇ ಹೆಸರು.

"ಕಡೀಕ ದವಾಖಾನ್ಯಾಗ, ಏನ್ ತಿಂತೀರಿ ಅಂತ ಕೇಳ್ದೆ" ಎಂದಳು ಮಸ್ತಾನಬಿ. "ನಕ್ಕರು. ಚೀನಿ ಪಾವ್ ಅಂದ್ರು. ಮುಂದ ನನ್ನ ಸಂಗಟ ಮಾತೇ ಆಡಲಿಲ್ಲ. ನಾ ಒಮ್ಮಿ ಅದನ್ನ ನಾಲಿಗಿ ಮ್ಯಾಲ ಇಟ್ಟು ನೋಡಬೇಕು ದೌಲಣ್ಣ. ಒಮ್ಮಿ ನೋಡಿದ್ರ ಸಾಕು, ಬಂದು ನಾನೇ ಮಾಡಿ ಇಡ್ತೀನಿ. ನಿಮಗ ದಾರಿ ಗೊತ್ತದ, ಆ ಚೀನ್ಯಾರ ಗುರ್ತದ. ನೀವು ಬರಬೇಕು."

ದೌಲಪ್ಪನ ಕೈಯಲ್ಲಿದ್ದ ಹುಲ್ಲು ಅಲ್ಲೇ ನಿಂತಿತು. ಯಾಕೆಂದರೆ ಭೂಮಿಯ ಮೇಲೆ ಉಳಿದವರ ಪೈಕಿ ಅವನೊಬ್ಬನಿಗೇ ಗೊತ್ತಿದ್ದ ಸಂಗತಿಯೊಂದಿತ್ತು. ಲಾಲ್ ಅಹ್ಮದ್ ಆ ಪಾವನ್ನು ಜನ್ಮದಲ್ಲಿ ಒಂದು ಸಲವೂ ತಿಂದಿರಲಿಲ್ಲ.

*

ಅದು ಎಂಬತ್ತೊಂದನೇ ಇಸವಿ. ಗಂಜಿನಿಂದ ತೊಗರಿಬೇಳೆ ಹೇರಿಕೊಂಡು ಕಲಕತ್ತೆಗೆ ಅವರ ಮೊದಲ ಪ್ರಯಾಣ. ದೌಲಪ್ಪನನ್ನು ಕೇಳಿದರೆ, ಗೋದಾವರಿ ಸೇತುವೆಯ ಮೇಲೆ ಲಾರಿಗೆ ಆನೆ ಅಡ್ಡ ಬಂದು, ಎರಡು ಚೀಲ ಬೇಳೆ ಸುಂಕ ತೆಗೆದುಕೊಂಡು, ಸೊಂಡಿಲಿನಿಂದ ರಸೀದಿ ಕೊಟ್ಟು ದಾರಿ ಬಿಟ್ಟಿತು. ಅದು ಹಾಗಿರಲಿ. ಐದನೇ ದಿನ ಊರು ಮುಟ್ಟಿದರು. ಮಾಲು ಇಳಿಸುವ ಹಮಾಲರು ಬರುವುದು ಒಂಬತ್ತಕ್ಕೆ. ಅದಕ್ಕೆ ಮೊದಲು ಕೈಕಾಲು ಆಡಿಸೋಣವೆಂದು ನಸುಕಿನಲ್ಲಿ ಹೊರಟವರು ಟೆರಿಟಿ ಬಜಾರಿನ ಬೀದಿಗೆ ಬಂದರು.

ಇನ್ನೂರು ವರ್ಷದಿಂದ ಚೀನಿಯರು ಬಂದು ನೆಲೆಸಿದ ಬೀದಿ ಅದು. ಸಾಲು ಸಾಲು ಒಲೆಗಳು, ಅವುಗಳ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಪಾತ್ರೆಗಳು, ಮುಚ್ಚಳ ತೆರೆದರೆ ಮೋಡದಂತೆ ಹಬೆ. ಇಬ್ಬರ ಹೊಟ್ಟೆಯೂ ಹಿಂದಿನ ದಿನದಿಂದ ಖಾಲಿ. ಲಾಲ್ ಅಹ್ಮದ್ ಮುಂದೆ ಹೋಗಿ, ಒಳಗೇನಿದೆ ಎಂದು ಉರ್ದುವಿನಲ್ಲಿ ಕೇಳಿದ. ಮಾರುವ ಹೆಂಗಸು ಪ್ರಾಮಾಣಿಕಳು, ಹಂದಿ ಮಾಂಸ ಎಂದಳು. ಲಾಲ್ ಅಹ್ಮದ್ ಮೂರು ಹೆಜ್ಜೆ ಹಿಂದೆ ಬಂದ. ಕೊರಳಲ್ಲಿ ಲಿಂಗ ಕಟ್ಟಿದ ದೌಲಪ್ಪ ಮುಂದೆ ಹೋಗಿ, ಒಳಗೇನೂ ಇಲ್ಲದ್ದು ಇದೆಯೇ ಎಂದು ಸನ್ನೆಯಲ್ಲಿ ಕೇಳಿದ. ಆಕೆ ಅದೇ ಪಾತ್ರೆಯ ಮೇಲಿನ ಅಂತಸ್ತಿನಿಂದ ಖಾಲಿ ಪಾವು ತೆಗೆದು ತೋರಿಸಿದಳು. ಕೆಳಗಿನದರ ಹಬೆಯಲ್ಲೇ ಬೆಂದದ್ದು. ಅವನು ಐದು ಹೆಜ್ಜೆ ಹಿಂದೆ ಬಂದ.

ಕೊನೆಗೆ ಇಬ್ಬರೂ ಚೀನಿಯರ ಗುಡಿಯ ಮೆಟ್ಟಿಲ ಮೇಲೆ ಕೂತು, ಕಮಲಾಪುರದಿಂದ ಕಾಯಿ ಇದ್ದಾಗಲೇ ತಂದು ದಾರಿಯಲ್ಲಿ ಹಣ್ಣಾದ ಕೆಂಪು ಬಾಳೆ ಸುಲಿದು ತಿಂದರು. ತಿನ್ನುತ್ತ ಉಳಿದವರು ತಿನ್ನುವುದನ್ನು ನೋಡಿದರು. ಆ ವಾಸನೆ ಎಂಥದ್ದೆಂದರೆ, ಮೂಗಿಗೆ ಧರ್ಮ ಇರುವುದಿಲ್ಲವಲ್ಲ, ಅದು ತನ್ನ ಪಾಡಿಗೆ ಊಟ ಮಾಡಿಕೊಂಡಿತು. ಮುಂದೆ ಕಲಕತ್ತೆಗೆ ಹೋದಾಗಲೆಲ್ಲ ಅದೇ ಮೆಟ್ಟಿಲು, ಅದೇ ಬಾಳೆಹಣ್ಣು.

ಮಸ್ತಾನಬಿ ಆಗ ಹದಿನೆಂಟರ ಹೊಸ ಮದುವಣಗಿತ್ತಿ. ಲಾರಿ ವಾಪಸ್ಸು ಬಂದ ದಿನ ಇಬ್ಬರಿಗೂ ಚಹಾ ಕೊಟ್ಟು, ಬಾಗಿಲ ಪರದೆಯ ಸಂದಿಯಿಂದ ಇಣುಕಿ ಕೇಳಿದಳು. "ಕಲಕತ್ತಾದಾಗ ಏನ್ ತಿಂದ್ರಿ?"

ಬಾಳೆಹಣ್ಣು ಎಂದರೆ ಮುಗಿದು ಹೋಗುತ್ತಿತ್ತು. ಆದರೆ ಅಷ್ಟು ದೊಡ್ಡ ಕಣ್ಣು ಮಾಡಿ ಕೇಳುವವರು ದೌಲಪ್ಪನಿಗೆ ಅದುವರೆಗೆ ಸಿಕ್ಕಿರಲಿಲ್ಲ. "ಏನ್ ಹೇಳ್ಲಿ ಭಾಭಿ! ಚೀನಿ ಬಜಾರದಾಗ ಒಂದು ಪಾವ್ ಮಾಡ್ತಾರ. ಎಷ್ಟ್ ಹಗುರ ಅಂದ್ರ, ಮುಚ್ಚಳ ತೆಗದ್ರ ಹಾರಿ ಹೋಗ್ತಾವ, ಅದಕ್ಕ ದಾರ ಕಟ್ಟಿಟ್ಟಿರ್ತಾರ. ಉಸ್ತಾದ್ರು ಹನ್ನೊಂದು ತಿಂದ್ರು. ಚೀನ್ಯಾ ಅಂಗಡಿ ಮುಚ್ಚಿ ಕೈ ಮುಗದ. ನಾ ಬರೇ ಸಿಹಿದು ತಿಂದೆ, ನನ್ನ ಸಲುವಾಗಿ ಬ್ಯಾರೆ ಪಾತ್ರ್ಯಾಗ ಮಾಡಿದ್ರು. ನಿಮ್ಮವರಿಗಿ ಹಲಾಲ್ ಕೋಳಿದು."

"ಹೌ ಕೀ?" ಎಂದು ಅವಳು ಗಂಡನನ್ನು ಕೇಳಿದಳು.

ಲಾಲ್ ಅಹ್ಮದ್ ಮಿತಭಾಷಿ. ಅವನು ದೌಲಪ್ಪನ ಮುಖ ನೋಡಿದ. ಹೊಸ ಹೆಂಡತಿಯ ಮುಂದೆ ಜೊತೆಗಾರನನ್ನು ಸುಳ್ಳುಗಾರ ಮಾಡಲು ಮನಸ್ಸು ಬರಲಿಲ್ಲ. ಹೌದೆಂದು ತಲೆ ಆಡಿಸಿದ.

ಮರುವಾರ ಅವಳು ಮೈದಾ ನಾದಿ, ಹಂಡೆಯ ಬಾಯಿಗೆ ಬಟ್ಟೆ ಕಟ್ಟಿ, ಹಬೆಯಲ್ಲಿ ಪಾವು ಬೇಯಿಸಿದಳು. ದೌಲಪ್ಪನಿಗೆ ಬೇರೆ ಪಾತ್ರೆಯಲ್ಲಿ, ಬೆಲ್ಲ ಹಾಕಿ. ಆ ಪಾತ್ರೆಗೆ ಮುಂದೆ ಮಾಂಸ ಸೋಕಿಸಲಿಲ್ಲ. ಪಾವುಗಳು ಕವಣೆಕಲ್ಲಿನಂತೆ ಇದ್ದವು. ಲಾಲ್ ಅಹ್ಮದ್ ಸುಮ್ಮನೆ ತಿಂದ. ಆಚೆ ಬಂದ ಮೇಲೆ ದೌಲಪ್ಪನಿಗೆ ಹೇಳಿದ: "ನಿನ್ನ ಬಾಯಿಗಿ ಬೆಂಕಿ ಹಚ್ಚ. ಒಮ್ಮಿ ತಲಿ ಆಡಿಸ್ದೆ, ಈಗ ಹೊಳ್ಳಿ ಹೆಂಗ ಆಡಿಸ್ಲಿ?"

"ಆಡಿಸೂದೇ ಬ್ಯಾಡ್ರಿ ಉಸ್ತಾದ್. ಚಲೋ ಆಗ್ಯಾದ, ಖರೇ ಅಲ್ಲಿನ್ನಂಗ ಅಲ್ಲ, ಅನ್ರಿ. ಭಾಭಿಗಿ ಅನುಮಾನ ಬರಂಗಿಲ್ಲ."

ಲಾಲ್ ಅಹ್ಮದ್ ಹಾಗೆಯೇ ಅಂದ. ಅವಳು ಮತ್ತೆ ಮಾಡಿದಳು. ಹಾಲು ಹಾಕಿ, ಮೊಸರು ಹಾಕಿ, ಸೋಡಾ ಹಾಕಿ. ಪ್ರತಿ ಪ್ರಯಾಣದಿಂದ ಬಂದಾಗ, ಪ್ರತಿ ಈದಿಗೆ. ಅಜರ್ ಹುಟ್ಟಿ, ಅದೇ ಪಾವು ತಿಂದು ಬೆಳೆದು, ಗಂಜಿನ ಅಡತಿ ಅಂಗಡಿಯಲ್ಲಿ ಕಾರಕೂನನಾದ. "ಚಲೋ ಆಗ್ಯಾದ, ಖರೇ ಅಲ್ಲಿನ್ನಂಗ ಅಲ್ಲ." ಬರಬರುತ್ತ ಆ ಮಾತು ಪಾವಿಗಷ್ಟೇ ಅಲ್ಲ, ಬಿರಿಯಾನಿಗೂ ಬಂತು, ಸೇವಯಿಗೂ ಬಂತು. ಬಾಯಿಗೆ ರೂಢಿಯಾಗಿಬಿಟ್ಟಿತ್ತು. ನನ್ನನ್ನೊಮ್ಮೆ ಕರೆದೊಯ್ಯಿರಿ ಎಂದಾಗಲೆಲ್ಲ "ಮುಂದಿನ ಸಲ" ಎನ್ನುತ್ತಿದ್ದ. ಮುಂದಿನ ಸಲಗಳೆಲ್ಲ ಮುಗಿದವು.

*

ಹೊರಡುವ ಮೊದಲೇ ನಿಜ ಹೇಳಿಬಿಡಬೇಕೆಂದು ದೌಲಪ್ಪ ತೀರ್ಮಾನಿಸಿದ. ಅದಕ್ಕಾಗಿ ಎರಡು ಸಲ ಕಲಬುರಗಿಗೆ ಹೋದ. ಮೊದಲನೇ ಸಲ ಮಸ್ತಾನಬಿ ಟ್ರಂಕಿನಿಂದ ಗಂಡನ ಉಣ್ಣೆ ಶಾಲು ತೆಗೆದು ಬಿಸಿಲಿಗೆ ಹಾಕುತ್ತಿದ್ದಳು. "ಕಲಕತ್ತಾದಾಗ ಥಂಡಿ ಅದಂತ, ಅಜರ್ ಮೊಬೈಲಿನಾಗ ನೋಡ್ಯಾನ" ಎಂದಳು. ದೌಲಪ್ಪ ಬಾಯಿ ತೆರೆದ. ಹೊರಬಂದದ್ದು, ಕಲಕತ್ತೆಯ ಚಳಿಯಲ್ಲಿ ತಾನು ಆಡಿದ ಮಾತು ಗಾಳಿಯಲ್ಲೇ ಹೆಪ್ಪುಗಟ್ಟಿ ಉಸ್ತಾದನಿಗೆ ಮರುದಿನ ಬಿಸಿಲೇರಿದ ಮೇಲೆ ಕೇಳಿಸಿತು ಎಂಬ ಕತೆ. ಅವಳು ವರ್ಷದ ಮೇಲೆ ಮೊದಲ ಸಲ ನಕ್ಕಳು. ನಕ್ಕವಳ ಮುಂದೆ ಹೇಗೆ ಹೇಳುವುದು? ಎರಡನೇ ಸಲ ರೈಲಿನ ಟಿಕೀಟು ಬಂದಿತ್ತು.

ಸಿಕಂದರಾಬಾದಿನಲ್ಲಿ ಗಾಡಿ ಬದಲಿಸಿ ಹೌರಾ ಗಾಡಿ ಹತ್ತಿದರು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು. ಮಸ್ತಾನಬಿ ಕಿಟಕಿಗೆ ಕೂತು, ಊರು ಬಂದಾಗಲೆಲ್ಲ ಕೇಳಿದಳು: ಇಲ್ಲಿ ನಿಮ್ಮ ಉಸ್ತಾದ್ರು ನಿಲ್ಲಿಸ್ತಿದ್ರಾ? ಇಲ್ಲಿ ಚಹಾ ಕುಡೀತಿದ್ರಾ? ರೈಲಿನ ದಾರಿ ಬೇರೆ, ಲಾರಿಯ ದಾರಿ ಬೇರೆ. ದೌಲಪ್ಪ ಎಲ್ಲದಕ್ಕೂ ಹೂಂ ಎಂದ.

ರಾತ್ರಿಯನ್ನು ಸ್ಟೇಷನ್ನಿನಲ್ಲೇ ಕಳೆದು, ಭಾನುವಾರ ಬೆಳಗ್ಗೆ ಆರು ಗಂಟೆಗೆ ಟೆರಿಟಿ ಬಜಾರ್ ತಲುಪಿದರು. ದೌಲಪ್ಪ ಗುರುತು ಹಿಡಿಯಲಾರದೆ ನಿಂತ. ಸುತ್ತ ಎತ್ತರದ ಆಫೀಸು ಕಟ್ಟಡಗಳು. ನಡುವೆ ಒಂದು ತುಂಡು ಬೀದಿ, ಹತ್ತು ಹನ್ನೆರಡು ಅಂಗಡಿ. ಮಾರುವವರಲ್ಲಿ ಬಂಗಾಳಿಗಳು, ಬಿಹಾರಿಗಳೇ ಹೆಚ್ಚು. ಚೀನಿ ಮುಖಗಳು ನಾಲ್ಕೋ ಐದೋ, ಅವೂ ವಯಸ್ಸಾದವು. ಒಂದು ಹುಡುಗರ ಗುಂಪು ತಿನ್ನುವ ಮೊದಲು ಪಾವಿನ ಫೋಟೋ ತೆಗೆಯುತ್ತ ಅದನ್ನು ತಣ್ಣಗಾಗಿಸುತ್ತಿತ್ತು. ಹಬೆ ಮಾತ್ರ ಅದೇ.

"ಇಷ್ಟೇ ಏನ್ರಿ ಕಾಕಾ?" ಎಂದ ಅಜರ್. "ನೀವು ನಮ್ಮ ಗಂಜಿನ ಎರಡರಷ್ಟದ ಅಂತಿದ್ರಿ."

ಮಸ್ತಾನಬಿಗೆ ಅದೊಂದೂ ಕಾಣಲಿಲ್ಲ. ಒಲೆಯ ಹಿಂದೆ ಕೂತಿದ್ದ, ತನ್ನದೇ ವಯಸ್ಸಿನ ಒಬ್ಬ ಚೀನಿ ಹೆಂಗಸಿನ ಮುಂದೆ ಹೋಗಿ ನಿಂತಳು. ಬೂದು ಸ್ವೆಟರು, ಕತ್ತರಿಸಿದ ಬಿಳಿಗೂದಲು. ಮಸ್ತಾನಬಿ ಕಲಬುರಗಿಯ ದಖ್ಖನಿ ಉರ್ದುವಿನಲ್ಲಿ, ಆಕೆ ಕಲಕತ್ತೆಯ ಹಿಂದಿಯಲ್ಲಿ ಮಾತಾಡಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯಿತು. ನನ್ನ ಗಂಡ ಇಲ್ಲಿಗೆ ಬರುತ್ತಿದ್ದರು, ಎತ್ತರದವರು, ಹನ್ನೊಂದು ಪಾವು ತಿನ್ನುತ್ತಿದ್ದರು, ನಿಮಗೆ ನೆನಪಿದೆಯೇ ಎಂದು ಮಸ್ತಾನಬಿ ಕೇಳಿದಳು. ಬಹಳ ಜನ ಬರುತ್ತಿದ್ದರು ದೀದಿ, ಎಂದಳು ಆಕೆ ಮೆತ್ತಗೆ. ನಮ್ಮವರೇ ಅರ್ಧ ಜನ ಕೆನಡಾಕ್ಕೆ ಹೋದರು, ಯಾರನ್ನು ನೆನಪಿಡಲಿ.

"ಒಂದು ಕೊಡ್ರಿ" ಎಂದು ಮಸ್ತಾನಬಿ ಕೈ ಚಾಚಿದಳು.

ಆಕೆ ಚಾಚಿದ ಕೈಯನ್ನೂ ತಲೆಯ ಮೇಲಿನ ಸೆರಗನ್ನೂ ನೋಡಿ, ಮುಚ್ಚಳವನ್ನು ಮತ್ತೆ ಮುಚ್ಚಿದಳು. "ಯೇ ಆಪ್ ಕೆ ಲಿಯೇ ನಹೀಂ ಹೈ, ದೀದಿ. ಇಸ್ ಮೇ ಸೂಅರ್ ಹೈ." ಒಳಗಿದ್ದದ್ದು ಹಂದಿ ಮಾಂಸ.

"ಕೋಳಿದು?"

ಅದನ್ನು ಈಚೆಗೆ ಆ ಬಂಗಾಳಿ ಹುಡುಗರು ಮಾಡುತ್ತಾರೆ, ಎಂದಳು ಆಕೆ. ನನ್ನ ತಾಯಿಯ ಕಾಲದಲ್ಲಿ ಈ ಬೀದಿಯಲ್ಲಿ ಇದೊಂದೇ. ಖಾಲಿ ಪಾವಿನ ಹಿಟ್ಟಿಗೂ ಅದರದ್ದೇ ಕೊಬ್ಬು ಹಾಕುತ್ತಿದ್ದೆವು.

ಮಸ್ತಾನಬಿ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಅದು ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಐದು ಹೊತ್ತು ನಮಾಜು ತಪ್ಪಿಸದ, ರಂಜಾನಿನಲ್ಲಿ ಸ್ಟೇರಿಂಗ್ ಹಿಡಿದೂ ರೋಜಾ ಇದ್ದ ಗಂಡ. ಹನ್ನೊಂದು ಪಾವು, ಇಪ್ಪತ್ತೇಳು ವರ್ಷ. ಅಜರ್‌ನ ಮುಖ ಸುಣ್ಣವಾಗಿತ್ತು. ಅವನು ಮೆಲ್ಲಗೆ ತಾಯಿಯ ಕೈ ಹಿಡಿದು ಕೆಳಗಿಳಿಸಿದ. "ಅಬ್ಬಾಗ ಗೊತ್ತಿರಲಿಕ್ಕಿಲ್ಲಮ್ಮಾ."

"ಕೇಳದೇ ತಿನ್ನೋರಲ್ಲ ಅವರು" ಎಂದಳು ಅವಳು.

ದೌಲಪ್ಪ ಮುಂದೆ ಬಂದ. ಆನೆಯ ಸೊಂಡಿಲಿನಿಂದ ರಸೀದಿ ಬರೆಸಿದವನಿಗೆ ನಾಲ್ಕು ಮಾತು ಜೋಡಿಸಲು ಉಸಿರು ಸಾಲದಾಯಿತು. "ಭಾಭಿ, ಉಸ್ತಾದ್ರು ತಿಂದಿಲ್ರಿ. ಒಂದ್ ತುತ್ತೂ ತಿಂದಿಲ್ಲ. ನಾ ಸುಳ್ಳು ಹೇಳಿದ್ದೆ."

"ಕಾಕಾ," ಅಜರ್ ತಿರುಗಿ ನೋಡಿದ, "ಕೈ ಮುಗೀತೀನಿ. ಈಗ ಅಮ್ಮಾನ ಸಮಾಧಾನಕ್ಕ ಮತ್ತೊಂದ್ ಕತಿ ಕಟ್ಟಬ್ಯಾಡ್ರಿ."

"ಕತಿ ಅಲ್ಲಪಾ. ಲಿಂಗದಾಣಿ."

"ಆನಿದೂ ಲಿಂಗದಾಣಿ ಮಾಡೇ ಹೇಳಿದ್ರಿ."

ಹೇಳಿದ್ದು ಹೌದು. ದೌಲಪ್ಪ ಸುತ್ತ ನೋಡಿದ. ಆ ಮೆಟ್ಟಿಲು ಎಲ್ಲಿ? ಎದುರಿಗೇ ಇತ್ತು, ಕೆಂಪು ಬಾಗಿಲಿನ ಗುಡಿ. ಅವನು ಚೀನಿ ಹೆಂಗಸಿನತ್ತ ತಿರುಗಿ ತನ್ನ ಹರಕು ಹಿಂದಿಯಲ್ಲಿ ಕೇಳಿದ: ಬಹಳ ವರ್ಷದ ಹಿಂದೆ ಇಬ್ಬರು ಲಾರಿಯವರು ಆ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಏನೂ ಕೊಳ್ಳುತ್ತಿರಲಿಲ್ಲ, ಕೆಂಪು ಬಾಳೆಹಣ್ಣು ತಿನ್ನುತ್ತಿದ್ದರು...

"ಲಾಲ್ ಕೇಲಾ!" ಎಂದಳು ಆಕೆ.

ಆಕೆಯ ಮುಖ ಒಮ್ಮೆಗೇ ಎಳೆಯದಾಯಿತು. ನನ್ನ ತಮ್ಮನಿಗೆ ಕೊಟ್ಟಿದ್ದರು, ಅವನು ಬಣ್ಣ ಹಚ್ಚಿದ್ದು ಎಂದುಕೊಂಡು ತೊಳೆದು ನೋಡಿದ್ದ, ಎಂದಳು. ವರ್ಷಕ್ಕೆ ಐದಾರು ಸಲ ಬರುತ್ತಿದ್ದರು. ಕೂರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ನನ್ನ ತಾಯಿ ಅವರಿಗೊಂದು ಹೆಸರಿಟ್ಟಿದ್ದಳು: ಸೂಂಘ್ನೇ ವಾಲೇ. ಮೂಸಿ ನೋಡಿ ಹೋಗುವವರು. ಪಾಪ, ಒಂದು ಸಲವಾದರೂ ತಿನ್ನಬಾರದೇ ಎಂದು ಮರುಗುತ್ತಿದ್ದಳು.

"ಅಲ್‌ಹಮ್‌ದುಲಿಲ್ಲಾಹ್" ಎಂದಳು ಮಸ್ತಾನಬಿ. ಅಲ್ಲೇ ಸ್ಟೂಲಿನ ಮೇಲೆ ಕೂತಳು. ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಚೀನಿ ಹೆಂಗಸು ಒಲೆ ಬಿಟ್ಟು ಎದ್ದು, ಒಳಗಿನಿಂದ ಹೊಸ ಕೆಟಲಿಯಲ್ಲಿ ಹಾಲಿಲ್ಲದ ಚಹಾ ತಂದು, ಇದರಲ್ಲಿ ಎಲೆ ಮತ್ತು ನೀರು ಬಿಟ್ಟು ಏನಿಲ್ಲ ಎಂದು ಮೂವರಿಗೂ ಕೊಟ್ಟಳು. ತಂದ ಬಾಳೆಹಣ್ಣು ಬಿಟ್ಟರೆ, ಚೀನಿ ಬಜಾರಿನಲ್ಲಿ ದೌಲಪ್ಪನ ಬಾಯಿಗೆ ಬಿದ್ದ ಮೊದಲನೆಯ ವಸ್ತು ಅದು. ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಅಜರ್ ಕೂಡ ಸಣ್ಣಗೆ ನಗುತ್ತಿದ್ದ. "ಸೂಂಘ್ನೇ ವಾಲೇ! ಗಂಜಿನಾಗ ಹೇಳಿದ್ರ ಹೊಟ್ಟಿ ಹಿಡ್ಕೊಂಡು ನಗ್ತಾರ್ರಿ ಕಾಕಾ."

ದೌಲಪ್ಪ ಹುರುಪಾಗಿ, "ಮೂಗೇ ನಮ್ಮ ಹೊಟ್ಟಿ ತುಂಬಸ್ತಿತ್ತಪಾ, ನನ್ನ ಮೂಗು ಆಗ ಇಷ್ಟ್ ಉದ್ದ ಇತ್ತು..." ಎಂದು ಶುರು ಮಾಡಿದ.

ಮಸ್ತಾನಬಿ ಸೆರಗು ತೆಗೆದಿದ್ದಳು. ಚಹಾದ ಲೋಟವನ್ನು ನೋಡುತ್ತಿದ್ದಳು.

"ಹಂಗಾದ್ರ, 'ಅಲ್ಲಿನ್ನಂಗ ಅಲ್ಲ' ಅಂತ ಯಾಕ ಅಂತಿದ್ರು?"

ಮೂಗಿನ ಉದ್ದ ತೋರಿಸಲು ಚಾಚಿದ್ದ ಕೈಯನ್ನು ದೌಲಪ್ಪ ಕೆಳಗಿಳಿಸಿದ.

"ತಿಂದೇ ಇಲ್ಲ ಅಂದ್ರ, ಯಾವುದರಂಗ ಇಲ್ಲ ಅಂತಿದ್ರು?" ಅವಳು ಜಗಳದ ದನಿಯಲ್ಲಿ ಕೇಳಲಿಲ್ಲ. ಮರೆತುಹೋದ ಏನನ್ನೋ ನೆನಪಿಸಿಕೊಳ್ಳುವವಳಂತೆ ಕೇಳಿದಳು. "ನಾ ಸುಡು ಸುಡು ಹಬೀಗಿ ಕೈ ಇಟ್ಟು, ಬೊಬ್ಬಿ ಬಂದ್ರೂ ಮಾಡೀನಿ. ಅಜರ್ ಹೊಟ್ಯಾಗಿದ್ದಾಗ ಮಾಡೀನಿ. ಹೋದ ವರ್ಷ ಕಡೀ ಈದಿಗೂ ಮಾಡೀನಿ. ನನ್ನ ಕೈಯಾಗೇ ಏನೋ ಕಮ್ಮಿ ಅದ ಅಂತ ತಿಳ್ಕೊಂಡಿದ್ದೆ."

"ನಾನೇ ಕಲಿಸಿಕೊಟ್ಟಿದ್ದೆ ಭಾಭಿ. ಅನುಮಾನ ಬರಬಾರ್ದಂತ. ಉಸ್ತಾದ್ರದೇನೂ ತಪ್ಪಿಲ್ಲ."

"ನೀವು ಒಮ್ಮಿ ಕಲಿಸಿದ್ರಿ. ಅವರು ನಲವತ್ತು ವರ್ಷ ಅಂದ್ರು."

ಚೀನಿ ಹೆಂಗಸಿಗೆ ಮಾತು ತಿಳಿಯಲಿಲ್ಲ, ಆದರೆ ಆಗಿದ್ದೇನೋ ತಿಳಿಯಿತು. ಅವಳು ಮಸ್ತಾನಬಿಯ ಖಾಲಿ ಲೋಟಕ್ಕೆ ಇನ್ನಷ್ಟು ಚಹಾ ಸುರಿದು ಸುಮ್ಮನೆ ತನ್ನ ಒಲೆಯ ಹಿಂದೆ ಹೋಗಿ ಕೂತಳು.

*

ವಾಪಸ್ಸು ಬರುವಾಗ ಮಸ್ತಾನಬಿ ಕಿಟಕಿ ಬಿಟ್ಟು ಒಳಗೆ ಕೂತಳು. ದೌಲಪ್ಪನ ಮೇಲೆ ಸಿಟ್ಟು ತೋರಲಿಲ್ಲ. ತಾನು ಕಟ್ಟಿಸಿ ತಂದ ಚುರುಮುರಿಯನ್ನು ಅವನಿಗೂ ಕೊಟ್ಟಳು. "ನೀರು ಬೇಕಾದ್ರ ತಗೋರಿ ದೌಲಪ್ಪನವ್ರ" ಎಂದಳು. ನಲವತ್ತನಾಲ್ಕು ವರ್ಷದಲ್ಲಿ ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ದೌಲಪ್ಪ ನೀರಿನ ಬಾಟಲಿ ಹಿಡಿದು ಕುಡಿಯುವುದನ್ನು ಮರೆತ.

ವಿಜಯವಾಡ ದಾಟಿದ ಮೇಲೆ, ಅಜರ್ ಮೇಲಿನ ಬರ್ತಿನಲ್ಲಿ ಮಲಗಿದ್ದಾಗ, ಅವಳೇ ಮಾತು ತೆಗೆದಳು. "ಬರಸಿ ಹದಿನೈದು ದಿನ ಅದ. ಏನರೆ ಇಡಬೇಕಲ್ಲ. ನೀವು ಇಪ್ಪತ್ತೇಳು ವರ್ಷ ಅವರ ಮಗ್ಗಲದಾಗ ಕುಂತು ಉಂಡೀರಿ. ಮನ್ಯಾಗ ಅವರು ಇದು ಬೇಕು, ಅದು ಬೇಕು ಅಂದೋರೇ ಅಲ್ಲ. ಅವರಿಗಿ ಖರೇ ಏನು ಸೇರ್ತಿತ್ತು?"

ದೌಲಪ್ಪನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ನಿಮ್ಮ ಅಂಬಾಡಾ ಭಾಭಿ."

ಅವಳು ನೋಡಿದಳು.

"ಪುಂಡಿಪಲ್ಯೆ. ಬಳ್ಳೊಳ್ಳಿ ಹಾಕಿ, ಕಡ್ಲಿಬ್ಯಾಳಿ ಹಾಕಿ, ನೀವು ಡಬ್ಬಿ ಕಟ್ಟಿ ಕೊಡ್ತಿದ್ರಲ್ಲ, ಖಡಕ್ ರೊಟ್ಟಿ ಸಂಗಟ. ನನಗೂ ಕೊಡಬೇಕಂತ ನೀವು ಹೇಳಿ ಕಳಿಸ್ತಿದ್ರಿ. ಹೈದ್ರಾಬಾದ ಬರೋಮಟ ಇಬ್ಬರೂ ಹಂಚಿಕೊಂಡು ಉಣ್ತಿದ್ವಿ. ಆಮ್ಯಾಲ ಖಾಲಿ ಆತು ಅಂತಿದ್ರು. ಖಾಲಿ ಆಗಿರ್ತಿರಲಿಲ್ಲ. ಸೀಟಿನ ಕೆಳಗ ಬಟ್ಟ್ಯಾಗ ಸುತ್ತಿ ಒಂದ್ ಮುಷ್ಟಿ ತೆಗದಿಟ್ಟಿರ್ತಿದ್ರು. ನಾ ಟೈರ್ ನೋಡಾಕ ಇಳದಾಗ ಒಬ್ರೇ ತಿಂತಿದ್ರು. ನಾ ಕನ್ನಡ್ಯಾಗ ನೋಡೀನಿ. ಬೆರಳು ನೆಕ್ಕೋತ, ಕಣ್ಣು ಮುಚ್ಕೊಂಡು. ಉಸ್ತಾದ್ ನನಗ ಮುಚ್ಚಿಟ್ಟದ್ದು ಅದೊಂದೇ."

ಒಂದೂ ಬಣ್ಣ ಹಚ್ಚದೆ ಹೇಳಿದ. ಹನ್ನೊಂದು ಡಬ್ಬಿ ಎನ್ನಲಿಲ್ಲ, ಹೈದರಾಬಾದ್ ನವಾಬ ಬಂದು ಕೇಳಿದ ಎನ್ನಲಿಲ್ಲ. ಇದ್ದದ್ದನ್ನು ಇದ್ದ ಅಳತೆಯಲ್ಲೇ ಹೇಳಿದ ಮೇಲೆ ಅವನಿಗೇ ತನ್ನ ದನಿ ಬೇರೆ ಯಾರದ್ದೋ ಅನ್ನಿಸಿತು.

ಮಸ್ತಾನಬಿಯ ಕಣ್ಣು ತುಂಬಿ ಬಂದಿತ್ತು. ಒಂದು ಕ್ಷಣ ಅವಳ ಮುಖ ಹದಿನೆಂಟರ ಹುಡುಗಿಯದರಂತೆ ಅರಳಿತು, ನಂಬಿಬಿಡುವ ಅಂಚಿಗೆ ಬಂದಿತ್ತು. ಆಮೇಲೆ ಅವಳು ಕೇಳಿದಳು.

"ಇದೂ ಕತೀನಾ?"

ಹಂಗಿಸಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು.

ದೌಲಪ್ಪ ಆಣೆ ಇಡಲು ಬಾಯಿ ತೆರೆದ. ಲಿಂಗದಾಣೆ, ತಾಯಿಯಾಣೆ, ಗಂಗಿಯಾಣೆ, ಅನ್ನದಾಣೆ. ಒಂದೊಂದನ್ನೂ ಅವನು ಎಲ್ಲೆಲ್ಲೋ ಆನೆಗೆ, ಹಾವಿನ ಮೀಸೆಗೆ, ಹೆಪ್ಪುಗಟ್ಟಿದ ಮಾತಿಗೆ ಖರ್ಚು ಮಾಡಿಬಿಟ್ಟಿದ್ದ. ಕಲಕತ್ತೆಯಲ್ಲಿ ಸಾಕ್ಷಿ ಹೇಳಲು ಒಬ್ಬ ಹೆಂಗಸಾದರೂ ಇದ್ದಳು. ಇದಕ್ಕೆ ಇದ್ದ ಒಬ್ಬನೇ ಸಾಕ್ಷಿ ಮಣ್ಣಿನಡಿ ಮಲಗಿದ್ದ.

"ಖರೇ ಭಾಭಿ" ಎಂದಷ್ಟೇ ಅಂದ.

"ಇರಬಹುದು" ಎಂದು ಅವಳು ಶಾಲು ಹೊದ್ದುಕೊಂಡಳು.

*

ಬರಸಿಯ ದಿನ ದೌಲಪ್ಪ ಬೆಳಗಿನ ಬಸ್ಸಿಗೇ ಕಲಬುರಗಿಗೆ ಬಂದ. ನೀಲಗಂಗಮ್ಮ ತೋಟದ ಪುಂಡಿ ಸೊಪ್ಪಿನ ದೊಡ್ಡ ಕಟ್ಟೊಂದನ್ನು ಹಿಂದಿನ ಸಂಜೆಯೇ ಅಜರ್‌ನ ಮನೆಗೆ ಕಳಿಸಿಕೊಟ್ಟಿದ್ದಳು. ದೌಲಪ್ಪ ಕಳಿಸಲು ಹೇಳಿದ್ದ, ಯಾಕೆಂದು ಹೇಳಿರಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಅವನು ಒಂದನ್ನೇ ಯೋಚಿಸುತ್ತಿದ್ದ. ಅಂಬಾಡಾ ಇಟ್ಟಿದ್ದರೆ ನಂಬಿದಳು. ಇಡದಿದ್ದರೆ ಇಲ್ಲ.

ಮನೆ ತುಂಬ ಜನ. ಗಂಜಿನ ಹಮಾಲರು, ಹಳೆಯ ಲಾರಿಯವರು, ಬಂಧುಗಳು. ಒಳಕೋಣೆಯ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ತಟ್ಟೆಗಳನ್ನಿಟ್ಟು ಮೇಲೆ ಕೆಂಪು ವಸ್ತ್ರ ಮುಚ್ಚಿದ್ದರು. ಊದಿನಕಡ್ಡಿ ಹೊಗೆಯಾಡುತ್ತಿತ್ತು. ಓದುವುದು ಮುಗಿಯಿತು, ಎಲ್ಲರೂ ಮುಖ ಸವರಿಕೊಂಡರು. ಅಜರ್ ವಸ್ತ್ರ ತೆಗೆದ.

ಅಕ್ಕಿ ಖೀರು. ತಂದೂರಿ ರೊಟ್ಟಿ. ಖರ್ಜೂರ. ಒಂದು ಲೋಟ ನೀರು. ಯಾರದೇ ಫಾತೇಹಾದಲ್ಲಿ, ಹೆಸರು ಗೊತ್ತಿಲ್ಲದ ಮುತ್ತಜ್ಜನಿಗೂ ಇಡುವಂಥದ್ದು.

ಮಸ್ತಾನಬಿ ಅವನಿಗೆ ಖೀರಿನ ಬಟ್ಟಲು ತಂದುಕೊಟ್ಟಳು. ಅವನ ಕಣ್ಣು ತಟ್ಟೆಗಳ ಮೇಲಿದ್ದುದನ್ನು ನೋಡಿದಳು.

"ಪಲ್ಯೆ ಸೋಸಿ ಇಟ್ಟಿದ್ದೆ" ಎಂದಳು ಮೆತ್ತಗೆ. "ಒಲಿ ಮ್ಯಾಲೂ ಇಟ್ಟಿದ್ದೆ. ಕೈ ಬರಲಿಲ್ಲ. ಅವರಿಗೇನು ಸೇರ್ತಿತ್ತು ಅಂಬೋದು ನನಗ ಗೊತ್ತಿಲ್ಲ ದೌಲಪ್ಪನವ್ರ. ಗೊತ್ತಿಲ್ದದ್ದು ಅವರ ಹೆಸರಲೆ ಹೆಂಗ ಇಡ್ಲಿ?"

ಅವನು ಖೀರು ತಿಂದ. ಬಹಳ ಚೆನ್ನಾಗಿತ್ತು. ಹೇಳಬೇಕೆಂದುಕೊಂಡ, ಹೊಗಳಿಕೆ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿಂದ ಮುಂದೆ ಹೋಗಲು ಅಂಜಿ ನಿಂತಿತು.

ಮಧ್ಯಾಹ್ನ ಅಜರ್ ಅವನನ್ನು ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಕಮಲಾಪುರದ ಬಸ್ಸು ನಿಂತಿತ್ತು. ದೌಲಪ್ಪ ಹತ್ತಿ ಕಿಟಕಿಯ ಪಕ್ಕ ಕೂತ. ಅಜರ್ ಹೋಗದೆ ಕಿಟಕಿಯ ಕೆಳಗೆ ನಿಂತ.

"ಕಾಕಾ, ಅಮ್ಮಾ ಹೇಳಿದ್ಲು. ಖರೇ ಹೇಳ್ರಿ, ಅಬ್ಬಾಗ ಅಂಬಾಡಾ ಅಷ್ಟು ಸೇರ್ತಿತ್ತೇನ್ರಿ?"

"ಸೇರ್ತಿತ್ತು."

ದೌಲಪ್ಪನ ಮಾತು ಒಂದೇ ಶಬ್ದಕ್ಕೆ ಮುಗಿಯುತ್ತದೆ ಎಂದು ಅಜರ್‌ಗೆ ಗೊತ್ತಿರಲಿಲ್ಲ. ಇನ್ನು ಕತೆ ಶುರುವಾಗುತ್ತದೆಂದು ಅವನು ಮುಂದಿನದಕ್ಕೆ ಕಾಯುತ್ತ ನಿಂತ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು.

"ಆತ್ರೀ ಕಾಕಾ, ಹುಷಾರಾಗಿ ಹೋಗ್ರಿ" ಎಂದು ಅಜರ್ ಬೈಕಿನ ಕಡೆ ತಿರುಗಿದ.